ತಾರಸಿ ಮೇಲಿನವರದ್ದು ಮಾತ್ರವಲ್ಲ

ಮಾರ್ಚ್ ಬಂತೆಂದರೆ ಮಂಗಳೂರಿನ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಲಿನ ಮಾಳಿಗೆಯವರ ಪಾಡು ಹೇಳತೀರದು. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಕೋಣೆಯೊಳಗೆ ಸೆಕೆ ಬಿಡುತ್ತದೆ. ಫ್ಯಾನ್ ಹಾಕಿದರೆ ಬಿಸಿಗಾಳಿ, ಎಸಿ ಹಾಕಿದರೆ ಬಿಲ್ಲಿನ ಹೆದರಿಕೆ. ಇಂಥ ಎಷ್ಟೋ ಫ್ಲ್ಯಾಟುಗಳ ಮಾಲೀಕರು ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ಇಲ್ಲಿ ನಿದ್ದೆಗೆಡುವವರು ವಯಸ್ಸಾದ ಉಮ್ಮಂದಿರು, ಸಣ್ಣ ಮಕ್ಕಳು, ಬಾಡಿಗೆಯವರು.

ಅಸೋಸಿಯೇಶನ್ ಮೀಟಿಂಗಿನಲ್ಲಿ ತಾರಸಿಯ ವಿಷಯ ಎತ್ತಿದರೆ ಕೆಳಗಿನ ಮನೆಯವರು, "ನಿಮ್ಮ ತಲೆ ಮೇಲಿನದ್ದು, ನೀವೇ ಮಾಡಿಸಿಕೊಳ್ಳಿ" ಅನ್ನುತ್ತಾರೆ. ಈ ಮಾತು ನ್ಯಾಯವಲ್ಲ, ಕಾನೂನೂ ಹಾಗೆ ಹೇಳುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಛಾವಣಿ ಎಲ್ಲರಿಗೂ ಸೇರಿದ ಜಾಗ. ಅದರ ಖರ್ಚನ್ನು ಎಲ್ಲರೂ ತಮ್ಮ ಪಾಲಿನಂತೆ ಹೊರಬೇಕು. ಅಲ್ಲದೆ, ತಾರಸಿ ನೀರು ಕುಡಿದು ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಹಾಳಾಗುವುದು ಇಡೀ ಕಟ್ಟಡ.

ಹಾಗಾದರೆ ಏನು ಮಾಡಬಹುದು? ಕಟ್ಟಡ ಒಡೆಯುವ ಕೆಲಸ ಯಾವುದೂ ಇಲ್ಲ. ಮೊದಲು ಮಳೆಗಾಲಕ್ಕೆ ಮುಂಚೆ ಸೋರಿಕೆ, ಬಿರುಕು ಸರಿಪಡಿಸಬೇಕು. ಆಮೇಲೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪನ ಅಥವಾ ಬಿಳಿ ಟೈಲ್ಸ್. ನಮ್ಮ ಮಳೆಗೆ ಪಾಚಿ ಹಿಡಿಯುತ್ತದೆ, ಆದ್ದರಿಂದ ಪ್ರತಿವರ್ಷ ತೊಳೆಯಬೇಕು. ತೆಲಂಗಾಣ ಸರಕಾರ 2023ರಲ್ಲಿ ಇಂಥ ತಂಪು ಛಾವಣಿಗಾಗಿಯೇ ನೀತಿ ತಂದಿದೆ.

ಎರಡನೆಯದು ಮನೆಯೊಳಗಿನ ಫ್ಯಾನು. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ, ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿತಾಯ, ನಾಲ್ಕು ಫ್ಯಾನಿಗೆ 64. "ಹೇಗೂ ಗೃಹಜ್ಯೋತಿ ಇದೆಯಲ್ಲ, ಕರೆಂಟು ಫ್ರೀ" ಅನ್ನುವವರು ಒಂದು ಲೆಕ್ಕ ಮರೆಯಬಾರದು. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಆ ಗೆರೆ ದಾಟುವುದೂ ದಾಟದಿರುವುದೂ ಈ 64 ಯೂನಿಟ್ಟಿನಲ್ಲೇ ಇರಬಹುದು.

ಮೂರನೆಯದು ಲಿಫ್ಟ್, ಪಂಪು, ಮೆಟ್ಟಿಲ ದೀಪಗಳ ಸಾಮಾನ್ಯ ಮೀಟರು. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ. ಟ್ಯಾಂಕು ತುಂಬಿ ಹರಿಯದಂತೆ ಪಂಪಿಗೆ ಆಟೋಮ್ಯಾಟಿಕ್ ಸ್ವಿಚ್ ಇಡಿ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಯ ಸೋಲಾರ್‌ಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಆದರೆ ಸೋರುವ ತಾರಸಿಯ ಮೇಲೆ ಪ್ಯಾನೆಲ್ ಕೂರಿಸಬೇಡಿ. ನಾಳೆ ರಿಪೇರಿಗೆ ಎಲ್ಲವನ್ನೂ ಕಳಚಬೇಕಾದೀತು.

ಈ ಕೆಲಸಗಳು ನಿಲ್ಲುವುದು ದುಡ್ಡಿಲ್ಲದೆ ಅಲ್ಲ, ಒಪ್ಪಿಗೆಯಿಲ್ಲದೆ. ಬಾಡಿಗೆಯವನಿಗೆ ಹೇಳುವ ಹಕ್ಕಿಲ್ಲ, ಮಾಲೀಕರು ಊರಲ್ಲಿಲ್ಲ. ಅದಕ್ಕೇ ದುಬೈ, ಜುಬೈಲ್, ದಮ್ಮಾಮಿನಲ್ಲಿರುವ ನಮ್ಮ ಸಹೋದರರಲ್ಲಿ ನಮ್ಮದೊಂದು ಕೋರಿಕೆ. ಅಸೋಸಿಯೇಶನ್ನಿನ ವಾಟ್ಸಾಪ್ ಗ್ರೂಪಿನಲ್ಲಿ ತಾರಸಿಯ ಮಾತು ಬಂದಾಗ ಸುಮ್ಮನಿರಬೇಡಿ. "ನನ್ನ ಪಾಲು ಕೊಡುತ್ತೇನೆ, ಮಾಡಿಸಿ" ಎಂದು ಬರೆಯಿರಿ. ಪದಾಧಿಕಾರಿಗಳೂ ಎರಡು ಮೂರು ಕಡೆ ಕೊಟೇಶನ್ ತರಿಸಿ, ಲೆಕ್ಕವನ್ನು ಎಲ್ಲರ ಮುಂದಿಡಲಿ. ಮಳೆಗೆ ಇನ್ನು ಹೆಚ್ಚು ದಿನ ಉಳಿದಿಲ್ಲ.