‘ಇನ್ನೆರಡು ವರ್ಷ’ ಎಂಬ ಲೆಕ್ಕ

ಗಲ್ಫ್‌ನಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯವರನ್ನು ‘ಊರಿಗೆ ಖಾಯಂ ಬರುವುದು ಯಾವಾಗ?’ ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: ‘ಇನ್ನೆರಡು ವರ್ಷ.’ ಮಗಳ ಮದುವೆ, ಮನೆ ಸಾಲದ ಕಂತು, ಮಗನ ಕಾಲೇಜು ಫೀಸು. ಕಾರಣಗಳು ಸುಳ್ಳಲ್ಲ. ಆದರೆ ಐವತ್ತೈದು ದಾಟಿದ ಮೇಲೆ ಈ ಎರಡು ವರ್ಷಗಳಿಂದ ಕೈಗೆ ಬರುವುದೆಷ್ಟು, ಕೈಬಿಟ್ಟು ಹೋಗುವುದೆಷ್ಟು ಎಂದು ಕಾಗದದಲ್ಲಿ ಬರೆದು ನೋಡಿದವರು ಕಡಿಮೆ.

ದುಬೈ, ಅಬುಧಾಬಿಗಳಲ್ಲಿರುವ ನಮ್ಮವರಿಗೆ ಅಲ್ಲಿನ ಸರಕಾರದ ಪಿಂಚಣಿ ಇಲ್ಲ. ಬಹುತೇಕರಿಗೆ ಸಿಗುವುದು ಗ್ರಾಚ್ಯುಟಿ. ಯುಎಇ ಕಾನೂನಿನ ಪ್ರಕಾರ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ ವರ್ಷಕ್ಕೆ 30 ದಿನಗಳ ಮೂಲವೇತನ; ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರುವಂತಿಲ್ಲ. ತಿಂಗಳಿಗೆ 3,000 ದಿರ್ಹಮ್ ಮೂಲವೇತನದಲ್ಲಿ 20 ವರ್ಷ ದುಡಿದವರಿಗೆ 55,500 ದಿರ್ಹಮ್ ಸಿಗುತ್ತದೆ. ಇನ್ನೆರಡು ವರ್ಷ ನಿಂತರೆ ಅದಕ್ಕೆ ಸೇರುವುದು 6,000 ಮಾತ್ರ. ಉಳಿದ ಲಾಭವೆಲ್ಲ ಸಂಬಳದಲ್ಲಿ ಉಳಿಸಿದ್ದರ ಮೇಲೆ ನಿಂತಿದೆ. ತಿಂಗಳ ಕೊನೆಗೆ ಏನೂ ಉಳಿಯದವರು ಯಾವುದಕ್ಕಾಗಿ ಕಾಯುತ್ತಿದ್ದಾರೆ?

ನಮ್ಮ ಪ್ರಕಾರ ಈ ಲೆಕ್ಕದಲ್ಲಿ ಎಲ್ಲರೂ ಮರೆಯುವ ಬಾಬ್ತು ಆರೋಗ್ಯ ವಿಮೆ. ಕೆಲಸ ಬಿಟ್ಟೊಡನೆ ಕಂಪೆನಿ ಕೊಟ್ಟ ವಿಮೆಯೂ ಹೋಗುತ್ತದೆ. ಊರಿಗೆ ಬಂದು ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಗಳಿಗೆ 36 ತಿಂಗಳ ತನಕ ಪರಿಹಾರ ಸಿಗದಿರಬಹುದು. 2024ರ ಏಪ್ರಿಲ್‌ಗೆ ಮೊದಲು ಈ ಮಿತಿ 48 ತಿಂಗಳಿತ್ತು. ಆದಾಯ ನೋಡದೆ ಕೇಂದ್ರ ಸರಕಾರ 2024ರ ಅಕ್ಟೋಬರ್‌ನಲ್ಲಿ ಹಿರಿಯರಿಗೆ ಆರಂಭಿಸಿದ 5 ಲಕ್ಷ ರೂಪಾಯಿಯ ಆಯುಷ್ಮಾನ್ ರಕ್ಷಣೆ 70 ತುಂಬಿದವರಿಗೆ. 58ಕ್ಕೆ ಬಂದವರು ನಡುವಿನ 12 ವರ್ಷ ಸ್ವಂತ ಜೇಬನ್ನೇ ನಂಬಬೇಕು. ಒಂದು ಆ್ಯಂಜಿಯೋಪ್ಲಾಸ್ಟಿ ಸಾಕು, ಆ ‘ಇನ್ನೆರಡು ವರ್ಷ’ದ ಉಳಿತಾಯ ಕರಗಲು.

ಸಂತೋಷದ ಮಾತು ಇನ್ನೂ ಕಷ್ಟದ್ದು. ಅಪ್ಪ ಬರುವ ಹೊತ್ತಿಗೆ ಮಕ್ಕಳು ಬೆಂಗಳೂರಿಗೋ ಕೆನಡಾಕ್ಕೋ ಹೊರಟಿರುತ್ತಾರೆ. ದೊಡ್ಡ ಮನೆಯಲ್ಲಿ ಉಳಿಯುವುದು ಗಂಡ ಹೆಂಡತಿ ಇಬ್ಬರೇ, ಅದೂ ವರ್ಷಕ್ಕೊಂದು ತಿಂಗಳ ರಜೆಯಲ್ಲಿ ಮಾತ್ರ ಒಟ್ಟಿಗಿದ್ದು ಅಭ್ಯಾಸವಾದವರು. ತೋಟ, ಬ್ಯಾಂಕು, ನೆಂಟರಿಷ್ಟರು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳಿಗೆ ಈಗ ಪ್ರತಿಯೊಂದಕ್ಕೂ ಸಲಹೆ ಕೊಡುವವರು ಮನೆಯಲ್ಲೇ ಇರುತ್ತಾರೆ! ನಗುವ ವಿಷಯವಾದರೂ ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದು ಇಲ್ಲಿಂದಲೇ. ಹಿಂದಿರುಗುವ ದಿನವನ್ನು ಗಂಡಸು ಒಬ್ಬನೇ ಅಲ್ಲಿ ಕೂತು ನಿಶ್ಚಯಿಸುವುದು ಸರಿಯಲ್ಲ. ಬಂದ ಮೇಲೆ ದಿನವಿಡೀ ಮಾಡುವುದೇನು ಎಂಬುದೂ ಆ ಮಾತುಕತೆಯಲ್ಲಿ ಬರಬೇಕು.

ಮಕ್ಕಳ ಓದು ಮುಗಿಯದವರಿಗೆ, ಸಾಲ ತೀರದವರಿಗೆ ಬೇಗ ಬನ್ನಿ ಎನ್ನುವ ಧೈರ್ಯ ನಮಗಿಲ್ಲ. ಅವರೂ ಪಾಲಿಸಿಯನ್ನು ಮಾತ್ರ ಮುಂದೂಡಬೇಕಿಲ್ಲ. ಅನಿವಾಸಿ ಭಾರತೀಯರಿಗೂ ಇಲ್ಲಿನ ಕಂಪೆನಿಗಳು ಆರೋಗ್ಯ ವಿಮೆ ಕೊಡುತ್ತವೆ. ಈ ಸಲ ರಜೆಗೆ ಬಂದಾಗ, ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆದು ಪಾಲಿಸಿ ಆರಂಭಿಸಿ, ತಪ್ಪದೆ ನವೀಕರಿಸುತ್ತಾ ಬಂದರೆ, ಆ 36 ತಿಂಗಳು ಅಲ್ಲಿ ದುಡಿಯುತ್ತಿರುವಾಗಲೇ ಕಳೆದುಹೋಗುತ್ತದೆ.