ಬಾರದವನ ಹಾಜರಿ

ಹಿಂದವಾಡಿಯ ಮನೆಯೊಂದರಲ್ಲಿ ದೀಪ ಹೊತ್ತಿಸಿ ಬಹಳ ಹೊತ್ತಾಗಿತ್ತು. ಹೊರಗೆ ಆಷಾಢದ ಮಳೆ. ಬೆಳಿಗ್ಗೆ ಖಾನಾಪುರದಾಚೆಯ ಕಣಕುಂಬಿಗೆ ಹೋದ ಮಗ ಇನ್ನೂ ಮರಳಿರಲಿಲ್ಲ. ಮೂರು ಗಂಟೆಗಳಿಂದ ಅವನ ಮೊಬೈಲು ಮೂಕವಾಗಿತ್ತು.

“ಏನ್ ಆಗೇತೋ ಏನೋ!” ಎಂದು ತಾಯಿ ಹಲುಬಿದರು.

“ಕಾಡಿನ ದಾರಿ, ಸಿಗ್ನಲ್ ಸಿಕ್ಕಿರಲಿಕ್ಕಿಲ್ಲ” ಎಂದರು ತಂದೆ.

ಇಬ್ಬರಿಗೂ ದೊರೆತ ಸಾಕ್ಷ್ಯ ಒಂದೇ: ಮೌನ. ತಡವಾದವನೂ ಸುಮ್ಮನಿರುತ್ತಾನೆ, ಆಪತ್ತಿಗೆ ಸಿಕ್ಕವನೂ ಸುಮ್ಮನಿರುತ್ತಾನೆ. ಇವನು ಯಾರೆಂದು ಬಲ್ಲವರಾರು?

ಗಣಕಯಂತ್ರಗಳ ಲೋಕದಲ್ಲಿಯೂ ಇದೇ ತೊಡಕು. ಬ್ಯಾಂಕಿನ ಲೆಕ್ಕದಂಥ ಕೆಲಸವನ್ನು ಒಂದೇ ಯಂತ್ರಕ್ಕೆ ಒಪ್ಪಿಸಿದರೆ, ಅದು ಕೆಟ್ಟ ದಿನ ವ್ಯವಹಾರವೇ ನಿಂತೀತು. ಆದುದರಿಂದ ಹಲವು ಯಂತ್ರಗಳು ಅದೇ ಲೆಕ್ಕದ ಪ್ರತಿಗಳನ್ನಿಟ್ಟುಕೊಂಡು, ‘ನಾನಿದ್ದೇನೆ’ ಎಂದು ಆಗಾಗ ಪರಸ್ಪರ ಸುದ್ದಿ ಕಳುಹಿಸುತ್ತಿರುತ್ತವೆ. ಒಂದರ ಸುದ್ದಿ ನಿಂತರೆ ಅದು ಸತ್ತಿತೆ, ನಿಧಾನವಾಯಿತೆ, ನಡುವಿನ ತಂತಿ ಕಡಿಯಿತೆ?

ಐದು ಯಂತ್ರಗಳ ಗುಂಪು ಮೂರು, ಎರಡಾಗಿ ಒಡೆಯಿತೆನ್ನೋಣ. ಎರಡು ಕಡೆಯವೂ ‘ಅತ್ತಲಿನವು ಸತ್ತವು’ ಎಂದು ಬಗೆದು ಕೆಲಸ ಮುಂದುವರಿಸಿದರೆ, ಖಾತೆಯಲ್ಲಿರುವ 5,000 ರೂಪಾಯಿ ಎರಡು ಕಡೆಯೂ ಸಂದಾಯವಾದೀತು!

ಇದಕ್ಕೆ ಕಂಡುಕೊಂಡ ಉಪಾಯವೇ ಹಾಜರಿಪಟ್ಟಿ. ಪಟ್ಟಿಗೊಂದು ಕ್ರಮಸಂಖ್ಯೆ, ಹಳೆಯ ಪಟ್ಟಿಯ ಬಹುಮತವಿಲ್ಲದೆ ಹೊಸ ಪಟ್ಟಿ ಜಾರಿಗೆ ಬಾರದು. ಐದರಲ್ಲಿ ಮೂರು ಮುಂದುವರಿಯುತ್ತವೆ. ಉಳಿದೆರಡು ಬದುಕಿದ್ದರೂ ಕೈಕಟ್ಟಿ ಕೂರಬೇಕು. ಯಾವ ಎರಡು ಬಹುಮತಗಳಲ್ಲಿಯೂ ಒಬ್ಬನಾದರೂ ಸಾಮಾನ್ಯ ಸದಸ್ಯನಿರಲೇಬೇಕಾದ್ದರಿಂದ ಎರಡು ಪಟ್ಟಿಗಳು ಏಕಕಾಲದಲ್ಲಿ ಹುಟ್ಟಲಾರವು. ಹೊರಬಿದ್ದ ಯಂತ್ರ ಮರಳಿ ಬಂದರೆ, ಬಿಟ್ಟ ಲೆಕ್ಕವನ್ನೆಲ್ಲ ಬರೆದುಕೊಂಡು ಹೊಸ ಸದಸ್ಯನಾಗಿಯೇ ಸೇರಬೇಕು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆನೆತ್ ಬರ್ಮನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರಚಿಸಿದ ‘ಐಸಿಸ್’ ಎಂಬ ವ್ಯವಸ್ಥೆ ಇಂಥ ಪಟ್ಟಿಯನ್ನು ಬಳಕೆಗೆ ತಂದಿತು. ಮುಂದೆ ನ್ಯೂಯಾರ್ಕಿನ ಷೇರುಪೇಟೆಯಲ್ಲಿಯೂ ಫ್ರಾನ್ಸಿನ ವಿಮಾನ ಸಂಚಾರ ನಿಯಂತ್ರಣದಲ್ಲಿಯೂ ಅದು ದುಡಿಯಿತು.

ಆದರೂ ಅನುಮಾನ ಅಳಿಯಲಿಲ್ಲ. ಸುದ್ದಿ ತಲುಪಲು ಕಾಲದ ಮಿತಿಯೇ ಇಲ್ಲದಲ್ಲಿ, ಒಂದೇ ಒಂದು ಯಂತ್ರ ನಿಂತುಹೋಗುವ ಸಂಭವವಿದ್ದರೂ, ಉಳಿದವು ಒಮ್ಮತಕ್ಕೆ ಬಂದೇ ತೀರುವಂಥ ನಿಶ್ಚಿತ ವಿಧಾನವಿಲ್ಲವೆಂದು ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಸಾಧಿಸಿ ತೋರಿಸಿದರು. ಹೀಗಾಗಿ ಯಂತ್ರಗಳು ಇಷ್ಟು ಹೊತ್ತೆಂದು ಕಾಯುತ್ತವೆ. ಗಡುವು ಮೀರಿದರೆ ಹೆಸರು ತೆಗೆಯುತ್ತವೆ. ಬದುಕಿರುವವನ ಹೆಸರೂ ಒಮ್ಮೊಮ್ಮೆ ಹೋಗುತ್ತದೆ. ತಪ್ಪಾದರೂ ಸರಿ, ಎಲ್ಲರ ಪಟ್ಟಿಯೂ ಒಂದೇ ಆಗಿರಬೇಕೆಂಬುದೇ ಅಲ್ಲಿಯ ಧರ್ಮ, ಕೆಲಸ ನಿಲ್ಲುವಂತಿಲ್ಲವಲ್ಲ!

ಒಂಬತ್ತು ಗಂಟೆಗೆ ಹಿಂದವಾಡಿಯ ಮನೆಯಲ್ಲಿ ಮೊಬೈಲು ಗುಣುಗುಟ್ಟಿತು. “ಅವ್ವಾ, ಖಾನಾಪುರ ಮುಟ್ಟೇನಿ. ಮಳಿ ಭಾಳ ಐತಿ.”

ತಾಯಿ ಮಾತಾಡದೆ ಅಡುಗೆಮನೆಗೆ ನಡೆದರು. ಅವನ ತಟ್ಟೆಯನ್ನು ಅವರು ತೆಗೆದಿರಲೇ ಇಲ್ಲ.