ಕರ್ತೃವಿಲ್ಲದ ಗ್ರಂಥ, ವಿಷದ ಅಣಬೆ

ಯಾವ ಪ್ರತಿಯನ್ನೂ ಪರೀಕ್ಷಿಸದೆ ನಂಬಬಾರದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಲಿಪಿಕಾರನು ಅಕ್ಷರ ತಪ್ಪುತ್ತಾನೆ, ಸಾಲು ಬಿಡುತ್ತಾನೆ, ಅರ್ಥವಾಗದುದನ್ನು ತನಗೆ ತೋಚಿದಂತೆ ತಿದ್ದುತ್ತಾನೆ. ಕಾವ್ಯದಲ್ಲಿ ಇಂತಹ ಅಪಪಾಠದಿಂದ ರಸಭಂಗವಾದೀತು. ಆಹಾರವನ್ನೂ ವಿಷವನ್ನೂ ಬೇರ್ಪಡಿಸಿ ತೋರಿಸಬೇಕಾದ ಗ್ರಂಥದಲ್ಲಾದರೋ ಅದು ಕೊಲ್ಲಬಲ್ಲುದು.

2023ರ ಆಗಸ್ಟ್‌ನಲ್ಲಿ, ಕಾಡಿನ ಅಣಬೆಗಳನ್ನು ಗುರುತಿಸಿ ಆಯುವುದನ್ನು ಕಲಿಸುವ ಹಲವು ಕೈಪಿಡಿಗಳು ಅಮೆಜಾನ್ ತಾಣದಲ್ಲಿ ಮಾರಾಟಕ್ಕಿದ್ದುದು ಸುದ್ದಿಯಾಯಿತು. ಅವು ಕೃತಕ ಬುದ್ಧಿಮತ್ತೆಯ ರಚನೆಗಳೆಂಬ ಬಲವಾದ ಶಂಕೆಯಿತ್ತು. ಪರಿಚಿತ ಲೇಖಕರ ಪುಸ್ತಕಗಳನ್ನಷ್ಟೇ ಕೊಳ್ಳಬೇಕೆಂದು ನ್ಯೂಯಾರ್ಕಿನ ಅಣಬೆತಜ್ಞರ ಸಂಘವು ಎಚ್ಚರಿಸಿತು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಪರಿಶೀಲಿಸಿದ ಕೆಲವು ಪುಸ್ತಕಗಳು ವಾಸನೆ, ರುಚಿಗಳನ್ನೂ ಗುರುತಿನ ಲಕ್ಷಣಗಳೆಂದು ಹೇಳಿದ್ದವು.

ಈ ಮಾತಿನ ಭೀಕರತೆಯನ್ನರಿಯಲು ಡೆತ್ ಕ್ಯಾಪ್ ಎಂಬ ಅಣಬೆಯೊಂದೇ ಸಾಕು. ತಿಂದು ಬದುಕುಳಿದವರು ಅದರ ರುಚಿ ಹಿತವಾಗಿತ್ತೆಂದೇ ಹೇಳಿದ್ದಾರೆ. ಬೇಯಿಸಿದರೂ ಅದರ ವಿಷ ನಾಶವಾಗದು. ಸಾಮಾನ್ಯವಾಗಿ ಆರು ಗಂಟೆಗಳಿಗೂ ಮೇಲೆ ವಾಂತಿಭೇದಿಗಳು ತೊಡಗಿ, ಅನಂತರ ಚೇತರಿಸಿಕೊಂಡಂತೆ ಕಂಡರೂ ಯಕೃತ್ತು ಒಳಗೊಳಗೇ ಹಾಳಾಗುತ್ತಿರುತ್ತದೆ. ಎಳೆಯದಾಗಿದ್ದಾಗ ಅದು ಭತ್ತದ ಹುಲ್ಲಿನಲ್ಲಿ ಬೆಳೆಯುವ ತಿನ್ನುವ ಅಣಬೆಯನ್ನು ಹೋಲುತ್ತದೆ. ಏಷ್ಯಾದಿಂದ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದವರು ತವರಿನ ಅಣಬೆಯೆಂದೇ ಭಾವಿಸಿ ಅದನ್ನು ತಿಂದು ಸತ್ತ ಪ್ರಸಂಗಗಳಿವೆ. ಬಲಿತ ಅಣಬೆಯ ತಲೆಯನ್ನು ಕಾಗದದ ಮೇಲಿಟ್ಟಾಗ ಉದುರುವ ಬೀಜಾಣುಗಳ ಬಣ್ಣ ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಬಿಳಿ. ಇದು ಕಣ್ಣಿನಿಂದ ಕಂಡು, ಕೈಯಿಂದ ಮಾಡಿ ಪಡೆದ ಅರಿವು.

ಹಳೆಯ ಗ್ರಂಥಗಳಲ್ಲಿಯೂ ದೋಷಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು. ಆದರೆ ಆ ದೋಷಗಳಿಗೆ ಒಂದು ವಂಶಾವಳಿಯಿತ್ತು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ನೋಡಿ. ವಿಷಚಿಕಿತ್ಸೆಯನ್ನು ನಿರೂಪಿಸುವ ಆ ಕೃತಿಗೆ ಹೆಸರುಳ್ಳ ಕರ್ತೃವಿದ್ದಾನೆ. ಅವನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಶ್ರಯಿಸುತ್ತಾನೆ. ಅಲ್ಲಿನ ಮಾತೊಂದು ಸಂಶಯಾಸ್ಪದವೆನಿಸಿದರೆ ಪ್ರತಿಗಳನ್ನು ಹೋಲಿಸಬಹುದು, ಆಕರವನ್ನು ಹುಡುಕಬಹುದು, ಕರ್ತೃವನ್ನೇ ಪ್ರಶ್ನಿಸಬಹುದು. ಯಂತ್ರರಚಿತ ಕೈಪಿಡಿಗೆ ಮಾತೃಕೆಯಿಲ್ಲ. ಅಂತಹ ಹತ್ತು ಕೈಪಿಡಿಗಳು ಒಂದೇ ಮಾತನ್ನು ಹೇಳಿದರೂ ಅದು ಹತ್ತು ಸಾಕ್ಷಿಗಳಾಗದು. ಯಾವ ಸಾಕ್ಷಿಯೂ ಅಣಬೆಯನ್ನು ಕಂಡಿಲ್ಲ.

ಶಂಕಿತ ಪುಸ್ತಕಗಳಲ್ಲಿ ಕೆಲವನ್ನು ಅಮೆಜಾನ್ ತೆಗೆದುಹಾಕಿತು. 2023ರ ಸೆಪ್ಟೆಂಬರ್‌ನಲ್ಲಿ, ಯಂತ್ರರಚಿತ ಬರಹವಿದ್ದರೆ ತನಗೆ ತಿಳಿಸಬೇಕೆಂಬ ನಿಯಮವನ್ನು ಸ್ವಯಂಪ್ರಕಾಶಕರಿಗೆ ವಿಧಿಸಿತು. ಆದರೆ ಆ ಮಾಹಿತಿಯನ್ನು ಓದುಗನಿಗೆ ತಿಳಿಸುವ ಏರ್ಪಾಡನ್ನು ಅದರೊಡನೆ ಮಾಡಲಿಲ್ಲ. ತಿನ್ನುವವನು ಓದುಗನೇ ಹೊರತು ಮಾರುವವನಲ್ಲ. ಆದುದರಿಂದ ಆ ಘೋಷಣೆ ಪುಸ್ತಕದ ಮುಖಪುಟದಲ್ಲಿಯೇ ಇರಬೇಕು.

ಸಾಹಿತ್ಯದ ವಿದ್ಯಾರ್ಥಿಗೆ ಇದು ದೂರದ ಸಂಗತಿಯಲ್ಲ. ನಾಳೆ ಶಾಸನಗಳ ಬಗೆಗೂ ಇಂತಹ ಕೈಪಿಡಿಗಳು ನಮ್ಮ ಮೇಜಿಗೆ ಬರಬಹುದು. ಆಗಲೂ ಕೇಳಬೇಕಾದ ಪ್ರಶ್ನೆ ಇದೇ: ಇದನ್ನು ಕಂಡವರು ಯಾರು? ಉತ್ತರ ದೊರೆಯದ ಪುಸ್ತಕವನ್ನು ಅಡಿಟಿಪ್ಪಣಿಗೂ ಸೇರಿಸಬಾರದು, ಅಡುಗೆಮನೆಗೂ ಒಯ್ಯಬಾರದು.